ಇಥಿಯೋಪಿಯಾದಲ್ಲಿ ಪಾಠ ಮಾಡಲು ಹೋಗುತ್ತಿದ್ದೀರಾ? ಮೂರನೇ ಕಾಫಿಯ ತನಕ ಕೂತಿರಿ

ಇಥಿಯೋಪಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಕೆಲಸ ಸಿಕ್ಕಿದೆ, ಒಬ್ಬಳೇ ಹೋಗುತ್ತಿದ್ದೇನೆ, ಮಾಂಸ ತಿನ್ನುವುದಿಲ್ಲ, ಕ್ಲಾಸು ಮುಗಿದ ಮೇಲೆ ದಿನ ಹೇಗೆ ಕಳೆಯುತ್ತದೆ, ಅಲ್ಲಿಯವರು ನಮ್ಮನ್ನು ಹತ್ತಿರ ಸೇರಿಸ್ತಾರಾ ಅಂತ ಕೇಳಿದ್ದೀರಿ. ಸೇರಿಸುತ್ತಾರೆ. ಆದರೆ ಅವರ ಜೊತೆ ಕೂರಲು ನಿಮ್ಮ ಹತ್ತಿರ ಪುರುಸೊತ್ತು ಇರಬೇಕು.

ನಾನು 2011ರಿಂದ 2016ರವರೆಗೆ ಜಿಮ್ಮಾದಲ್ಲಿದ್ದೆ. ಅಡಿಸ್ ಅಬಾಬಾದಿಂದ ನೈಋತ್ಯಕ್ಕೆ ಸುಮಾರು 350 ಕಿಲೋಮೀಟರ್. ಹಸಿರು ಊರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ನಾನು ಕೊಪ್ಪದ ಕಡೆಯವಳು, ಹಾಗಾಗಿ ಮೊದಲ ಮಳೆಗೆ ಮನೆಯ ನೆನಪಾಗಿ ಅಳು ಬಂದಿತ್ತು. ಅಲ್ಲಿ ಆಟೋಗೆ 'ಬಜಾಜ್' ಅಂತಲೇ ಹೆಸರು. ಆ ಒಂದು ಪದ ಕೇಳಿಯೇ ಎಷ್ಟೋ ಸಮಾಧಾನ ಆಗಿತ್ತು.

ಮೊದಲ ನಾಲ್ಕು ತಿಂಗಳು ನಾನು ಭಾರತದ ಮೇಷ್ಟ್ರುಗಳ ಗುಂಪು ಬಿಟ್ಟು ಆಚೆ ಹೋಗಲಿಲ್ಲ. ಒಳ್ಳೆಯ ಜನ. ಜ್ವರ ಬಂದಾಗ ಗಂಜಿ ಮಾಡಿ ತಂದವರು ಅವರೇ. ಆದರೆ ಮಾತೆಲ್ಲ ಸಂಬಳ, ರಜೆ, ತೊಗರಿಬೇಳೆ ಎಲ್ಲಿ ಸಿಗುತ್ತೆ ಅನ್ನುವುದರ ಸುತ್ತಲೇ. ಆ ಗುಂಪು ನಿಮಗೂ ಸಿಗುತ್ತದೆ, ಇಟ್ಟುಕೊಳ್ಳಿ. ಅದೊಂದನ್ನೇ ನಂಬಿದರೆ ಆ ದೇಶದಲ್ಲಿದ್ದೂ ಇಲ್ಲದ ಹಾಗಾಗುತ್ತದೆ.

ನಾನಿದ್ದ ಮನೆಯ ಒಡತಿ ಒಂದು ದಿನ "ಭಾನುವಾರ ಎಂಟು ಗಂಟೆಗೆ ಬುನ್ನಾಕ್ಕೆ ಬಾ" ಅಂದರು. ಬುನ್ನಾ ಅಂದರೆ ಕಾಫಿ. ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತೆ. ಅವರು ಮಗಳಿಗೆ ತಲೆ ಬಾಚುತ್ತಿದ್ದರು. ಅಲ್ಲಿ ಗಂಟೆಯ ಲೆಕ್ಕ ಶುರುವಾಗುವುದು ಬೆಳಗಾದ ಮೇಲೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಅವರು ಹೇಳಿದ ಎಂಟು ನಮ್ಮ ಮಧ್ಯಾಹ್ನ ಎರಡು. ಆದರೆ ಅವರು ವಾಪಸ್ ಕಳಿಸಲಿಲ್ಲ. ಕೈ ಹಿಡಿದು ಕೂರಿಸಿದರು. ಸಂಜೆಯ ತನಕ ಅಲ್ಲೇ ಇದ್ದೆ. ಅವರನ್ನು ಎತಿಯೆ ಅಂತ ಕರೆಯಲು ಶುರುಮಾಡಿದ್ದು ಆವತ್ತು. ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ, ನಾವು ಅಕ್ಕ ಅಂದ ಹಾಗೆ.

ಕಾಫಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿನ ಒಡನಾಟವೆಲ್ಲ ಅದರ ಸುತ್ತಲೇ ನಡೆಯುತ್ತದೆ. ನೆಲಕ್ಕೆ ಹಸಿರು ಹುಲ್ಲು ಹರಡುತ್ತಾರೆ. ಹಸಿ ಬೀಜ ತೊಳೆದು ನಿಮ್ಮ ಕಣ್ಣೆದುರೇ ಹುರಿಯುತ್ತಾರೆ. ಹುರಿದ ಬಾಣಲೆಯನ್ನು ಎಲ್ಲರ ಮುಂದೆ ತರುತ್ತಾರೆ, ಹೊಗೆಯನ್ನು ಕೈಯಿಂದ ಮುಖದ ಕಡೆ ಎಳೆದುಕೊಂಡು ಚೆನ್ನಾಗಿದೆ ಅನ್ನಬೇಕು. ಪಕ್ಕದಲ್ಲಿ ಕೆಂಡದ ಮೇಲೆ ಧೂಪ. ಆಮೇಲೆ ಒರಳಲ್ಲಿ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಹಾಲು ಇಲ್ಲ. ಜೊತೆಗೆ ಜೋಳದ ಅರಳು, ಇಲ್ಲವೇ ಹುರಿದ ಬಾರ್ಲಿ. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು ಕೊಡುತ್ತಾರೆ: ಅಬೋಲ್, ತೋನಾ, ಬೆರೆಕಾ. ಬೆರೆಕಾ ಅಂದರೆ ಆಶೀರ್ವಾದ. ಮೊದಲ ಬಟ್ಟಲು ಕುಡಿದು ಎದ್ದರೆ ಅವರಿಗೆ ಬೇಜಾರಾಗುತ್ತದೆ. ಎರಡು ಗಂಟೆ ಬೇಕು, ಇಟ್ಟುಕೊಂಡೇ ಹೋಗಿ. ಬೀದಿಯ ಸುದ್ದಿ, ಮಕ್ಕಳ ಓದು, ಯಾರಿಗೋ ಗಂಡು ನೋಡುವುದು ಎಲ್ಲ ಬರುವುದು ಮೂರನೇ ಬಟ್ಟಲಿಗೆ. ನಾನು ಅವರ ಅಮ್ಹಾರಿಕ್ ಭಾಷೆ ಕಲಿತದ್ದು ಅಲ್ಲಿ ಕೂತೇ.

ಕಾಫಿ ಗಿಡದ ತವರು ಜಿಮ್ಮಾದ ಆಸುಪಾಸಿನ ಕಾಡುಗಳು, ಪಕ್ಕದ ಕಾಫಾ ಸೀಮೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನುವ ಕತೆಯನ್ನು ಎತಿಯೆಗೆ ಹೇಳಿದೆ. ಆ ಯೆಮನ್‌ಗೂ ಕಾಫಿ ಹೋದದ್ದು ನಿಮ್ಮಲ್ಲಿಂದಲೇ ಅಂದೆ. ಅವರು ಪಕ್ಕದ ಮನೆಯವರನ್ನೆಲ್ಲ ಕರೆದು, ಈ ಹುಡುಗಿಯ ಊರಲ್ಲಿ ನಮ್ಮ ಗಿಡ ಇದೆಯಂತೆ ಅಂತ ಹೇಳಿದರು.

ಊಟದ ಚಿಂತೆ ಬಿಡಿ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಹೆಚ್ಚುಕಡಿಮೆ ವರ್ಷವಿಡೀ ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ 55 ದಿನ ಬೇರೆ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇಲ್ಲದ ಊಟ. ಹೋಟೆಲಲ್ಲಿ "ಯೆತ್ಸೋಮ್ ಆಲೆ?" ಅಂತ ಕೇಳಿ, ಉಪವಾಸದ್ದು ಇದೆಯಾ ಅಂತ ಅರ್ಥ. ದೊಡ್ಡ ಹುಳಿ ದೋಸೆಯಂಥ ಇಂಜೆರಾ ಮೇಲೆ ಬೇಳೆ, ಸೊಪ್ಪು, ಕಡಲೆ ಹಿಟ್ಟಿನ ಶಿರೋ ಸುತ್ತಲೂ ಬಡಿಸಿ ತರುತ್ತಾರೆ. ಕೆಲವು ಕಡೆ ಆ ದಿನಗಳಲ್ಲೂ ಮೀನು ಇರುತ್ತದೆ, ಅದನ್ನು ಮೊದಲೇ ಕೇಳಿಬಿಡಿ.

ನನಗೆ ಕಷ್ಟವಾದದ್ದು ಎಂಜಲು. ಎಲ್ಲರೂ ಒಂದೇ ತಟ್ಟೆ. ಅದರ ಮೇಲೆ ಗುರ್ಶಾ, ಅಂದರೆ ಪ್ರೀತಿಯಿಂದ ತಮ್ಮ ಕೈಯಾರೆ ನಿಮ್ಮ ಬಾಯಿಗೆ ತುತ್ತು ಇಡುವುದು. ಮಡಿ ಮನೆಯಲ್ಲಿ ಬೆಳೆದವಳು, ಮೊದಲ ಸಲ ಮುಖ ಹಿಂದೆ ಸರಿಸಿದೆ. ಎತಿಯೆಯ ಕೈ ಹಾಗೇ ನಿಂತಿತು. ಅವರ ಮುಖ ನೋಡಿ ನಮ್ಮಜ್ಜಿಯ ಕೈತುತ್ತು ನೆನಪಾಯಿತು, ಬಾಯಿ ತೆರೆದೆ. ನಿಮಗೆ ಆಗದಿದ್ದರೆ ಎದೆಯ ಮೇಲೆ ಕೈಯಿಟ್ಟು ನಗುತ್ತಾ ಬೇಡ ಅನ್ನಿ, ಬಲವಂತ ಮಾಡುವುದಿಲ್ಲ. ಆದರೆ ಒಮ್ಮೆ ತಿಂದು ನೋಡಿ ಅಂತ ನನ್ನಾಸೆ.

ಸಣ್ಣಪುಟ್ಟವು ಇನ್ನೂ ಇವೆ. ವಿದ್ಯಾರ್ಥಿಗಳು ಹೌದು ಅನ್ನಲು ಬೆಚ್ಚಿದವರ ಹಾಗೆ ಸರ್ರನೆ ಉಸಿರು ಒಳಗೆಳೆಯುತ್ತಾರೆ, ಗಾಬರಿ ಆಗಬೇಡಿ. ಬೀದಿಯಲ್ಲಿ ಮಕ್ಕಳು "ಫೆರೆಂಜಿ" ಅಂತ ಕೂಗುತ್ತಾರೆ, ಪರದೇಶದವರು ಅಂತ ಅಷ್ಟೇ. ಯಾರನ್ನೂ ನೀವು ಯಾವ ಜನಾಂಗ ಅಂತ ಕೇಳಬೇಡಿ, ರಾಜಕೀಯದ ಮಾತಿಗೆ ಸುಮ್ನೆ ಇದ್ದುಬಿಡಿ. ಅಲ್ಲಿ ಅದು ನಿಜಕ್ಕೂ ನೋವಿನ ವಿಷಯ. ವಯಸ್ಸಾದವರು ನಿಮ್ಮನ್ನು ನಿಲ್ಲಿಸಿ, ನನಗೆ ಲೆಕ್ಕ ಕಲಿಸಿದವರು ಭಾರತದವರು ಅನ್ನಬಹುದು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ನಮ್ಮ ಎಷ್ಟೋ ಮೇಷ್ಟ್ರುಗಳು ಅಲ್ಲಿನ ಶಾಲೆಗಳಲ್ಲಿ ದುಡಿದಿದ್ದಾರೆ. ನನಗೆ ಸಿಕ್ಕ ಮರ್ಯಾದೆಯಲ್ಲಿ ಅರ್ಧ ಅವರು ಗಳಿಸಿಟ್ಟಿದ್ದು.

2014ರಲ್ಲಿ ಊರಲ್ಲಿ ಅಪ್ಪ ತೀರಿಕೊಂಡರು. ಕಾರ್ಯ ಮುಗಿಸಿ ಜಿಮ್ಮಾಕ್ಕೆ ವಾಪಸ್ ಬರುವಾಗ ಹದಿನೆಂಟು ದಿನ ಆಗಿತ್ತು. ಸಂಜೆ ಬಾಗಿಲು ತೆರೆದರೆ ಅಂಗಳದಲ್ಲಿ ಬೆಂಚು ಹಾಕಿದ್ದರು. ಅಲ್ಲಿ ಪ್ರತಿ ಕೇರಿಗೂ ಇದ್ದಿರ್ ಅಂತ ಒಂದು ಕೂಟ ಇರುತ್ತದೆ. ತಿಂಗಳು ತಿಂಗಳು ದುಡ್ಡು ಹಾಕಿ, ಸಾವಿನ ಮನೆಗೆ ಡೇರೆ, ಬೆಂಚು, ಪಾತ್ರೆ, ಊಟ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನು ಅದರ ಸದಸ್ಯಳೂ ಅಲ್ಲ. ಹೆಂಗಸರು ಬಿಳಿ ಮೇಲುಹೊದಿಕೆಯ ಅಂಚು ಮೇಲೆ ಬರುವ ಹಾಗೆ ಹೊದ್ದು ಬಂದಿದ್ದರು, ದುಃಖದ ಮನೆಗೆ ಹಾಗೇ ಬರುವುದು. ಬೇಯಿಸಿದ ಗೋಧಿ, ಕಡಲೆ ತಂದಿದ್ದರು, ಥೇಟ್ ನಮ್ಮ ಗುಗ್ಗರಿ. ಯಾರೂ ಜಾಸ್ತಿ ಮಾತಾಡಲಿಲ್ಲ. ಮೂರು ಸಂಜೆ ಬಂದು ಕೂತು ಹೋದರು.

ಜಿಮ್ಮಾ ಕಡೆಗೇ ಹೋಗುವುದಾದರೆ ದಯವಿಟ್ಟು ನನಗೊಂದು ಮಾತು ತಿಳಿಸಿ. ನಮ್ಮ ತೋಟದ ಕಾಫಿ ಬೀಜ ಹುರಿದು ಅರ್ಧ ಕೆಜಿ ಕಟ್ಟಿಕೊಡುತ್ತೇನೆ. ಎತಿಯೆಗೆ ತಲುಪಿಸಬೇಕು. ಅದರ ರುಚಿ ನೋಡಬೇಕು ಅಂತ ಅವರು ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ, ಅವರ ಹೊಸ ವರ್ಷದ ದಿನ, ಫೋನಲ್ಲಿ ಕೇಳುತ್ತಾರೆ.