ಒಂದನ್ನು ಹಿಡಿಯಿರಿ, ಬೆನ್ನು ಬಿಡಬೇಡಿ

ಸಿಂಧನೂರು ತಾಲ್ಲೂಕಿನ ಶಿಕ್ಷಕಿಯೊಬ್ಬರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರು ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಕ್ಕಿಗಳಿಗೆ ನೀರಿಡುತ್ತಾರೆ, ಬೀದಿ ನಾಯಿಗಳಿಗೆ ರೊಟ್ಟಿ ಹಾಕುತ್ತಾರೆ. "ಮನುಷ್ಯರಿಗೇ ಗತಿಯಿಲ್ಲ, ಇವರಿಗೆ ಗುಬ್ಬಿ ಚಿಂತೆ" ಅಂತ ಜೊತೆಯವರು ಆಡಿಕೊಳ್ಳುತ್ತಾರಂತೆ. ಹತ್ತಿ ಸೀಸನ್ ಬಂದರೆ ಅವರ ಕ್ಲಾಸಿನ ಅರ್ಧ ಬೆಂಚು ಖಾಲಿ. ಊರ ಹೋಟೆಲಿನಲ್ಲಿ ದಲಿತರಿಗೆ ಚಹಾದ ಲೋಟ ಬೇರೆ. ಕಾಲುವೆ ತುಂಬ ಎಣ್ಣೆ ಡಬ್ಬಿ, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕದ ಡಬ್ಬಿ. "ನೋಡಿ ನೋಡಿ ಸಾಕಾಗಿದೆ. ಎಲ್ಲಿಂದ ಶುರು ಮಾಡಲಿ? ನಾನು ಮಾಡುವ ಸಣ್ಣ ಕೆಲಸಕ್ಕೆ ಏನಾದರೂ ಅರ್ಥ ಇದೆಯಾ? ಸಿಟ್ಟು ಬಂದು ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೇನು ಮಾಡಲಿ?" ಅಂತ ಕೇಳಿದ್ದಾರೆ. ಜೊತೆಗೆ ಒಂದು ಫೋಟೊ ಕಳಿಸಿದ್ದಾರೆ.

ಅಕ್ಕೋರೇ, ನಮಸ್ಕಾರ.

ಮೊದಲು ಆ "ಮನುಷ್ಯರಿಗೇ ಗತಿಯಿಲ್ಲ" ಅನ್ನುವ ಮಾತು ಮುಗಿಸಿಬಿಡೋಣ. ಹೀಗೆ ಹೇಳುವವರು ಮನುಷ್ಯರಿಗಾಗಿ ಏನಾದರೂ ಮಾಡುತ್ತಿದ್ದರೆ ಅವರ ಮಾತನ್ನು ಕೂತು ಕೇಳಬಹುದು. ಬಹಳ ಸಲ ಮಾಡುತ್ತಿರುವುದಿಲ್ಲ. ನಾನು ಕಂಡ ಮಟ್ಟಿಗೆ ನಾಯಿಗೆ ರೊಟ್ಟಿ ಹಾಕುವವರೇ ಯಾರಿಗೋ ರಕ್ತ ಬೇಕು ಅಂದಾಗ ಆಸ್ಪತ್ರೆಗೆ ಓಡುತ್ತಾರೆ, ಪಕ್ಕದ ಮನೆಯ ಜಗಳದಲ್ಲಿ ಹೆಂಗಸಿಗೆ ಏಟು ಬಿದ್ದರೆ ಬಾಗಿಲು ತಟ್ಟುತ್ತಾರೆ. ಕರುಣೆ ರೇಷನ್ ಅಕ್ಕಿಯ ಹಾಗೆ ತಿಂಗಳಿಗೆ ಇಷ್ಟೇ ಕೆಜಿ ಅಂತ ಬರುವುದಿಲ್ಲ, ಗುಬ್ಬಿಗೆ ಕೊಟ್ಟರೆ ಮಗುವಿಗೆ ಕಡಿಮೆ ಬೀಳುವುದಿಲ್ಲ.

ಅದೂ ಅಲ್ಲದೆ, ನಮ್ಮ ಕಡೆ ಹಕ್ಕಿಗೊಂದು ನೀರು, ಮನುಷ್ಯರಿಗೊಂದು ನೀರು ಅಂತ ಎಲ್ಲಿದೆ? ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಹರಿಯುತ್ತದೆ. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಯ ಗದ್ದೆಗೆ ಅದೇ ನೀರು. ಅದನ್ನೇ ಕೆರೆಗೆ ತುಂಬಿಸಿಟ್ಟುಕೊಂಡು ಎಷ್ಟೋ ಊರು ಬೇಸಿಗೆಯಲ್ಲಿ ಕುಡಿಯುತ್ತವೆ. ಈಗ ನೀವು ಬರೆದ ಎಣ್ಣೆ ಡಬ್ಬಿಗಳ ವಿಷಯಕ್ಕೆ ಬನ್ನಿ. ಭತ್ತಕ್ಕೆ ಎಣ್ಣೆ ಹೊಡೆಯಲು ಬಂದವನು ಕಾಲುವೆ ದಂಡೆ ಮೇಲೆ ಪಂಪು ಇಳಿಸುತ್ತಾನೆ, ಕಾಲುವೆ ನೀರಿನಲ್ಲೇ ಎಣ್ಣೆ ಕಲೆಸುತ್ತಾನೆ, ಕೆಲಸ ಮುಗಿದ ಮೇಲೆ ಪಂಪನ್ನೂ ಕೈಯನ್ನೂ ಅಲ್ಲೇ ತೊಳೆಯುತ್ತಾನೆ, ಖಾಲಿ ಡಬ್ಬಿಯನ್ನು ಅಲ್ಲೇ ಎಸೆಯುತ್ತಾನೆ. ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಅದು ತೇಲಿಕೊಂಡು ಹೋಗಿ ಮುಂದಿನ ತೂಬಿನ ಬಾಯಲ್ಲಿ, ಹುಲ್ಲು ಪ್ಲಾಸ್ಟಿಕ್ಕಿನ ಜೊತೆ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಎಮ್ಮೆ ನೀರು ಕುಡಿಯುತ್ತದೆ, ಅಲ್ಲೇ ಹುಡುಗರು ಈಜುತ್ತಾರೆ. ಆ ಎಣ್ಣೆ ಹೊಡೆದವನ ಮಕ್ಕಳೂ ಅದೇ ಕಾಲುವೆಯಿಂದ ತುಂಬಿದ ಕೆರೆಯ ನೀರನ್ನೇ ಕುಡಿಯುತ್ತಾರೆ.

ಈ ಒಂದು ಕೆಲಸಕ್ಕೆ ಎಷ್ಟು ಮಾಡಬಹುದು ನೋಡಿ. ಡಬ್ಬಿ ಖಾಲಿಯಾದಾಗ ಅದನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಬೇಕು. ಹಾಗೆ ಮಾಡಿದರೆ ದುಡ್ಡು ಕೊಟ್ಟು ತಂದ ಎಣ್ಣೆ ಬೆಳೆಗೇ ಹೋಗುತ್ತದೆ, ರೈತನಿಗೂ ಲಾಭ. ಆಮೇಲೆ ಡಬ್ಬಿಗೆ ತೂತು ಹೊಡೆಯಬೇಕು, ಇಲ್ಲದಿದ್ದರೆ ಯಾರೋ ಅದರಲ್ಲಿ ಅಡುಗೆ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ತುಂಬಿಡುತ್ತಾರೆ. ಡಬ್ಬಿ ಮೇಲೆ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಇದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು, ಹೀಗೆ ಇಳಿಯುತ್ತಾ ಹೋಗುತ್ತದೆ. ನಿಮ್ಮ ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಒಂದು ಪೀರಿಯಡ್‌ನಲ್ಲಿ ಕಲಿಸಬಹುದು. ಮಕ್ಕಳು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ. ಕೃಷಿ ಇಲಾಖೆಯವರು ಭಾಷಣ ಮಾಡಿದರೆ ಕೇಳದ ಅಪ್ಪ ಮಗಳು ಹೇಳಿದರೆ ಕೇಳುತ್ತಾನೆ. ಎಲ್ಲರೂ ಕೇಳುತ್ತಾರೆ ಅಂತಲ್ಲ, ಕೆಲವರು ಕೇಳುತ್ತಾರೆ, ಅಷ್ಟು ಸಾಕು ಶುರು ಮಾಡಲಿಕ್ಕೆ. ಊರಿನ ಗೊಬ್ಬರದ ಅಂಗಡಿಯವರ ಹತ್ತಿರವೂ ಮಾತಾಡಿ, ಖಾಲಿ ಡಬ್ಬಿ ಹಾಕಲು ಅಂಗಡಿ ಮುಂದೆ ಒಂದು ಡ್ರಮ್ ಇಡಿ ಅಂತ ಕೇಳಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸದೆ ಎದ್ದು ಬಂದರೆ ಆ ಮಾತು ಅಲ್ಲಿಗೇ ಮುಗಿಯಿತು.

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರು. ಆಗ ಎಲ್ಲರಿಗೂ ನೀರಿನ ನೆನಪಾಯಿತು. ನೀರಿನ ವಿಷಯದಲ್ಲಿ ಸಾವು ಬಂದ ಮೇಲೆ ಏಳುವುದು ನಮಗೆ ರೂಢಿಯಾಗಿಬಿಟ್ಟಿದೆ. ನೀವು ಈಗಲೇ ಎದ್ದಿದ್ದೀರಿ, ಅದಕ್ಕೆ ನಾಚಿಕೊಳ್ಳಬೇಡಿ.

ಇನ್ನು ನಿಮ್ಮ ಖಾಲಿ ಬೆಂಚಿನ ವಿಷಯ. ಪತ್ರದಲ್ಲಿ ನನಗೆ ಹೆಚ್ಚು ನಾಟಿದ್ದು ಇದೇ, ನೀವು ಹಿಡಿಯಬೇಕಾದದ್ದೂ ಇದನ್ನೇ ಅಂತ ನನ್ನ ಅನಿಸಿಕೆ.

ಹೊರಗಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಹೇಳುತ್ತೇನೆ. ಹೈಬ್ರಿಡ್ ಹತ್ತಿ ಬೀಜ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ಅದಕ್ಕೆ ನಮ್ಮಲ್ಲಿ ಕ್ರಾಸಿಂಗ್ ಅಂತಾರೆ. ಮಧ್ಯಾಹ್ನದ ಮೇಲೆ ಸಾಲು ಸಾಲು ತಿರುಗಿ, ಮರುದಿನ ಅರಳುವ ಮೊಗ್ಗು ಯಾವುದು ಅಂತ ಹುಡುಕಿ, ಅದರ ಎಸಳನ್ನೂ ಗಂಡು ಭಾಗವನ್ನೂ ಉಗುರಿನಿಂದ ಬಿಡಿಸಬೇಕು. ಒಳಗಿನ ಎಳೆ, ಅಂದರೆ ಹೂವಿನ ಹೆಣ್ಣು ಭಾಗ, ಮುರಿಯಬಾರದು. ಮರುದಿನ ಬೆಳಿಗ್ಗೆ ಬಂದು ಗಂಡು ಹೂವಿನ ಹುಡಿಯನ್ನು ಆ ಎಳೆಗೆ ಸವರಬೇಕು. ಸೀಸನ್ ಮುಗಿಯುವವರೆಗೆ ದಿನಾ ಇದೇ. ಗಿಡ ಮಕ್ಕಳ ಎತ್ತರಕ್ಕೇ ಇರುತ್ತದೆ, ಮಕ್ಕಳ ಬೆರಳು ಸಣ್ಣ, ಕೂಲಿ ಕಡಿಮೆ, ಎದುರು ಮಾತಾಡುವುದಿಲ್ಲ. ಹೊಲಕ್ಕೆ ಎಣ್ಣೆ ಹೊಡೆದ ಮೇಲೂ ಆ ಬೆರಳುಗಳು ಅದೇ ಗಿಡದಲ್ಲಿ ಇರುತ್ತವೆ. ಬೆಳಿಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಆಟೊ ಬಂದು ಓಣಿಯಲ್ಲಿ ನಿಲ್ಲುತ್ತದೆ, ಸ್ಕೂಲ್ ಯೂನಿಫಾರ್ಮ್ ಮೇಲೆಯೇ ಅಣ್ಣನ ಹಳೆ ಅಂಗಿ ಹಾಕಿಕೊಂಡು ಹುಡುಗಿ ಹತ್ತುತ್ತಾಳೆ.

ಕಾನೂನು ಸ್ಪಷ್ಟ ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೆ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಶಾಲೆ ಮುಗಿದ ಮೇಲೆ, ರಜೆಯಲ್ಲಿ ಸ್ವಂತ ಮನೆಯವರಿಗೆ ಸಹಾಯ ಮಾಡಬಹುದು ಅಂತ ಒಂದು ಸಡಿಲಿಕೆ ಇದೆ. ಅದನ್ನೇ ಹಿಡಿದುಕೊಂಡು "ನಮ್ಮದೇ ಹೊಲ ರೀ, ನಮ್ಮ ಸಂಬಂಧಿಕರ ಮಗು" ಅಂತಾರೆ. ನೀವು ಆಗ ಕೇಳಬೇಕಾದದ್ದು ಒಂದೇ: ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಗು ಎಲ್ಲಿತ್ತು? ಅದಕ್ಕೆ ಉತ್ತರ ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಊರಲ್ಲಿ ಇನ್ನಾರ ಹತ್ತಿರವೂ ಇಲ್ಲದ ದಾಖಲೆ ಅದು. ಯಾವ ಮಗು ಯಾವ ತಾರೀಖಿನಿಂದ ಬಂದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು, ಮುಖ್ಯ ಗುರುಗಳ ಸಹಿ ಹಾಕಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಮರೆಯಬೇಡಿ. ಆಮೇಲೂ ಟಂಟಂ ನಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಿಮ್ಮ ಅಳುಕು ನನಗೆ ಅರ್ಥ ಆಗುತ್ತದೆ, "ತಂದೆತಾಯಿ ಬಡವರು, ಅವರ ಮೇಲೆ ಕೇಸು ಆಗುತ್ತದೆ" ಅಂತ ಬರೆದಿದ್ದೀರಿ. ಮೊದಲ ಸಲಕ್ಕೆ ತಂದೆತಾಯಿಗೆ ಶಿಕ್ಷೆ ಇಲ್ಲ, ಕಾಯ್ದೆಯಲ್ಲೇ ಹಾಗಿದೆ. ಅವರ ಮನೆಗೆ ಹೋಗಿ ಕೂತು ಮಾತಾಡಿ. ಮಗುವಿನ ಕೂಲಿ ಮೇಲೆ ಮುಂಗಡ ಎಷ್ಟು ತಗೊಂಡಿದ್ದೀರಿ, ಯಾರಿಂದ, ಯಾತಕ್ಕೆ ಅಂತ ಕೇಳಿ. ಆಸ್ಪತ್ರೆ ಖರ್ಚು ಇರುತ್ತದೆ, ಮಗಳ ಮದುವೆ ಇರುತ್ತದೆ. ಬೈದು ಬಂದರೆ ಮುಂದಿನ ವರ್ಷ ನಿಮಗೆ ಬಾಗಿಲೇ ತೆಗೆಯುವುದಿಲ್ಲ. ಅದೇ ಓಣಿಯ ಸ್ವಸಹಾಯ ಸಂಘದಲ್ಲಿ ಸಾಲ ಸಿಗುತ್ತದಾ ಅಂತ ಕೇಳಿ ನೋಡಿ. ಮುಂಗಡ ತೀರಿದರೆ ಮಗು ಬರುತ್ತದೆ. ಒಂದು ಸೀಸನ್‌ಗೆ ಎರಡು ಮಕ್ಕಳು ವಾಪಸ್ ಬಂದರೂ ನಾನು ಅದನ್ನು ದೊಡ್ಡ ಕೆಲಸ ಅಂತಲೇ ಕರೆಯುತ್ತೇನೆ. ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲೇ, 2002ರಲ್ಲಿ. ಮಕ್ಕಳು ಹಸಿದುಕೊಂಡು ಕೂಲಿಗೆ ಹೋಗುವ ಸೀಮೆ ಅಂತ ಸರ್ಕಾರಕ್ಕೂ ಆಗಲೇ ಗೊತ್ತಿತ್ತು. ಅನ್ನ ತಟ್ಟೆಗೆ ಬಂತು, ಆದರೆ ಹತ್ತಿ ಸೀಸನ್‌ನಲ್ಲಿ ತಟ್ಟೆ ಮುಂದೆ ಮಗು ಇಲ್ಲ.

ಹೋಟೆಲಿನ ಲೋಟದ ವಿಷಯ ಬೇರೆ. ಇಲ್ಲಿ ನಿಮಗೆ ಧೈರ್ಯ ಒಂದೇ ಸಾಲದು, ಜನ ಬೇಕು. ಒಬ್ಬರೇ ಹೋಗಿ ಜಗಳ ಮಾಡಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿಗೆ ಬರಬೇಡಿ ಅನ್ನುವುದರ ಹಿಂದೆಯೇ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ, ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ಹತ್ತು ವರ್ಷ ಆ ಓಣಿಯ ಜನ ಸಾಕ್ಷಿ ಹೇಳುತ್ತಾ, ಕೋರ್ಟಿಗೆ ಅಲೆಯುತ್ತಾ ಅದೇ ಊರಲ್ಲಿ ಬದುಕಿದರು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಪುಟ್ಟ ದಲಿತ ಮಗುವೊಂದು ಗುಡಿಯೊಳಗೆ ಓಡಿತು ಅಂತ ಅದರ ಅಪ್ಪನಿಗೆ ದಂಡ ಕಟ್ಟು ಅಂದರು. ನಾಯಿಗೆ ರೊಟ್ಟಿ ಹಾಕಿದರೆ ನಕ್ಕು ಸುಮ್ಮನಾಗುವ ಊರು ಇದಕ್ಕೆ ಸುಮ್ಮನಿರುವುದಿಲ್ಲ. ನಿಮ್ಮದೇ ಜಾತಿಯವರು, ನಿಮ್ಮ ನೆಂಟರು, ನಿಮ್ಮ ಮನೆ ಮಾಲೀಕರು ಮುನಿಸಿಕೊಳ್ಳುತ್ತಾರೆ. ಆದರೂ ನಿಮ್ಮ ಕೈಯಲ್ಲೇ ಇರುವ ಒಂದು ಜಾಗ ಇದೆ, ನಿಮ್ಮ ಶಾಲೆ. ಬಿಸಿಯೂಟಕ್ಕೆ ಮಕ್ಕಳು ಯಾರ ಪಕ್ಕ ಯಾರು ಕೂರುತ್ತಾರೆ ನೋಡಿ. ಕುಡಿಯುವ ನೀರಿನ ಬಿಂದಿಗೆಗೆ ಯಾವ ಮಗು ಕೈ ಹಾಕುವುದಿಲ್ಲ, ಶೌಚಾಲಯ ತೊಳೆಯಲು ಯಾವ ಮಗುವನ್ನು ಕರೆಯುತ್ತಾರೆ ನೋಡಿ. ಅಲ್ಲಿ ನೀವು ಹೇಳಿದ್ದು ನಡೆಯುತ್ತದೆ, ನಾಳೆ ಬೆಳಿಗ್ಗೆಯಿಂದಲೇ. ನೀವೂ ಆ ಮಕ್ಕಳ ಜೊತೆ ಕೂತು ಉಣ್ಣಿ. ಹೋಟೆಲಿನ ವಿಷಯಕ್ಕೆ ತಾಲ್ಲೂಕಿನ ದಲಿತ ಸಂಘಟನೆಯವರನ್ನು ಮೊದಲು ಕಂಡು ಮಾತಾಡಿ. ಯಾರಿಗೆ ಆ ಲೋಟ ಕೊಡುತ್ತಾರೋ ಅವರು ಏನು ಬಯಸುತ್ತಾರೆ ಅಂತ ಕೇಳದೆ ಅವರ ಪರವಾಗಿ ಹೆಜ್ಜೆ ಇಡಬಾರದು, ಏಟು ಬಿದ್ದರೆ ಮೊದಲು ಬೀಳುವುದು ಅವರಿಗೇ.

ನಾಯಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೊಟ್ಟಿ ಹಾಕಿ, ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಮಾಡಿಸಲು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಿ. 2023ರ ನಿಯಮದ ಪ್ರಕಾರ ಅದು ಅವರ ಕೆಲಸ. ದನಕ್ಕೋ ಎಮ್ಮೆಗೋ ಪೆಟ್ಟಾಗಿ ಬಿದ್ದಿದ್ದರೆ 1962ಕ್ಕೆ ಫೋನ್ ಮಾಡಿದರೆ ಪಶು ಆಂಬ್ಯುಲೆನ್ಸ್ ಬರುತ್ತದೆ.

ಸಿಟ್ಟಿನ ಬಗ್ಗೆ ಕೇಳಿದ್ದೀರಿ. ಸಿಟ್ಟು ಬರುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಖಾಲಿ ಬೆಂಚು ನೋಡಿ ಸಿಟ್ಟು ಬಾರದ ಟೀಚರ್ ಬಗ್ಗೆ ನನಗೆ ಚಿಂತೆ ಆಗುತ್ತದೆ. ಆದರೆ ನಿಮ್ಮ ಪತ್ರ ಓದುವಾಗ ಒಂದು ಕಂಡಿತು: ನೀವು ಹತ್ತು ವಿಷಯಕ್ಕೆ ಒಟ್ಟಿಗೆ ಸಿಟ್ಟಾಗಿದ್ದೀರಿ, ಒಂದರ ಬೆನ್ನನ್ನೂ ಕೊನೆವರೆಗೆ ಹತ್ತಿಲ್ಲ. ಇದು ದೂರು ಅಂತ ತಿಳಿಯಬೇಡಿ. ನಮ್ಮಲ್ಲಿ ಕರುಣೆ ಇರುವ ಬಹಳ ಜನರ ಪಾಡು ಇದೇ. ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಎಲ್ಲ ಊರಿನ ಸಂಕಟವೂ ಒಟ್ಟಿಗೆ ಬಂದು ಕೂರುತ್ತದೆ, ಎಲ್ಲದಕ್ಕೂ ಮರುಗಿ ಮರುಗಿ ಸಂಜೆಗೆ ಕೈ ಸೋತಿರುತ್ತದೆ, ಮಾಡಿದ್ದು ಏನೂ ಇರುವುದಿಲ್ಲ. ಒಂದನ್ನು ಹಿಡಿದವರಿಗೆ ಹೀಗಾಗುವುದು ಕಡಿಮೆ. ಕೊಪ್ಪಳದ ಹಿರೇಹಳ್ಳವನ್ನೇ ನೋಡಿ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು 20 ಕಿ.ಮೀ.ಗೂ ಜಾಸ್ತಿ ಉದ್ದ ಹೂಳು, ಜಾಲಿ ತೆಗೆಸಿದರು. ದಿನದಿನ ಬಂದು ದುಡಿದ ಜನ ಹಳ್ಳ ಒಂದನ್ನೇ ಹಿಡಿದಿದ್ದರು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ರಾಯಚೂರು ಬಿಸಿಲಿನಲ್ಲಿ, ಟೆಂಟಿನ ಕೆಳಗೆ, ಅಷ್ಟು ದಿನ ಕೂರುವುದು ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅವರು ಸರದಿ ಮೇಲೆ ಕೂತರು, ಒಬ್ಬರೇ ಕೂತಿದ್ದರೆ ವಾರದಲ್ಲಿ ಎದ್ದು ಹೋಗುತ್ತಿದ್ದರು. ನಿಮಗೂ ಜೊತೆ ಬೇಕು. ನಿಮ್ಮ ಸ್ಟಾಫ್‌ರೂಮಿನಲ್ಲಿ ನಗದೆ ಸುಮ್ಮನೆ ಕೂರುವ ಒಬ್ಬರಾದರೂ ಇರುತ್ತಾರೆ ಅಲ್ವಾ? ಅವರನ್ನು ಮೊದಲು ಕೇಳಿ.

ಆದ್ದರಿಂದ ಈ ವರ್ಷ ಮಕ್ಕಳ ವಿಷಯ ಹಿಡಿಯಿರಿ. ಕಾಲುವೆ ಕೆಲಸವನ್ನು ಮಕ್ಕಳ ಕೈಯಲ್ಲೇ ಸ್ವಲ್ಪ ಸ್ವಲ್ಪ ಮಾಡಿಸಿ. ಉಳಿದದ್ದಕ್ಕೆ ಬೇರೆಯವರಿದ್ದಾರೆ, ಅವರು ಕರೆದಾಗ ಹೋಗಿ ಬನ್ನಿ.

ನೀವು ಕಳಿಸಿದ ಫೋಟೊ, ಟಂಟಂನಲ್ಲಿ ಕೂತ ಹುಡುಗಿಯರದ್ದು, ಅದನ್ನು ನಾವು ಅಚ್ಚು ಹಾಕುವುದಿಲ್ಲ. ನೀವೂ ಗುಂಪುಗಳಲ್ಲಿ ಹಂಚಬೇಡಿ. ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಅಂತ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ನಾಳೆ ಆ ಹುಡುಗಿಯರು ಅದೇ ಓಣಿಯಲ್ಲಿ ತಲೆ ಎತ್ತಿ ನಡೆಯಬೇಕು. ಟಂಟಂ ನಂಬರ್, ತಾರೀಖು, ಸಮಯ ಬರೆದಿಟ್ಟುಕೊಳ್ಳಿ, 1098ರವರು ಕೇಳಿದಾಗ ಫೋಟೊ ಅವರಿಗೆ ಮಾತ್ರ ಕೊಡಿ. ನಮಗೆ ಬೇಕಾದದ್ದು ಬೇರೆ: ತೂಬಿನ ಬಾಯಲ್ಲಿ ಸಿಕ್ಕಿಕೊಂಡ ಡಬ್ಬಿಗಳ ಫೋಟೊ, ತಾರೀಖು ಹಾಕಿ, ಆ ಕಾಲುವೆಯ ನಂಬರ್ ಬರೆದು ಕಳಿಸಿ. ಅದನ್ನು ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಹಾಕುತ್ತೇವೆ, ನೀರಾವರಿ ಕಚೇರಿಗೂ ಒಂದು ಪ್ರತಿ ನಾವೇ ಮುಟ್ಟಿಸುತ್ತೇವೆ.

ಸಂಪಾದಕ