ಡೈಪರ್ ತೊಟ್ಟ ಪುಟ್ಟ ನಟಿ: ಶರ್ಲಿ ಟೆಂಪಲ್‌ಳ ಮೊದಲ ಕಿರುಚಿತ್ರಗಳು

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಶರ್ಲಿ ಟೆಂಪಲ್‌ಳ ಹತ್ತು ನಿಮಿಷದ ಹಳೇ ಸಿನಿಮಾ ಒಂದು ಕಣ್ಣಿಗೆ ಬಿತ್ತು. ಮೂರು-ನಾಲ್ಕು ವರ್ಷದ ಹುಡುಗರು ಮೇಲೆ ಸೈನಿಕರ ಅಂಗಿ, ಕೆಳಗೆ ದೊಡ್ಡ ಪಿನ್ನು ಚುಚ್ಚಿದ ಡೈಪರ್ ಹಾಕಿಕೊಂಡು ಹಾಲು ಕುಡಿಯುತ್ತಾ ಕೂತಿರುತ್ತಾರೆ. ಶರ್ಲಿ ಅವರ ಮುಂದೆ ಕುಣಿಯುತ್ತಾಳೆ. ನಗು ಬಂತು, ಜೊತೆಗೆ ಏನೋ ಮುಜುಗರವೂ ಆಯಿತು. ಇದು ಮಕ್ಕಳಿಗಾಗಿ ಮಾಡಿದ್ದೇ? ಆರು ವರ್ಷದ ಮಗಳಿಗೆ ತೋರಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತೋರಿಸಬೇಡಿ. ನಿಮಗಾದ ಮುಜುಗರ ಸರಿಯಾಗಿಯೇ ಇದೆ. ಶರ್ಲಿ 1930ರ ದಶಕದ ಹಾಲಿವುಡ್ ಬಾಲತಾರೆ. ನೀವು ನೋಡಿದ್ದು 1932ರ 'ವಾರ್ ಬೇಬೀಸ್'. ಅದು 'ಬೇಬಿ ಬರ್ಲೆಸ್ಕ್ಸ್' ಎಂಬ ಸರಣಿಯದು. 1932-33ರಲ್ಲಿ ಇಂಥ ಎಂಟು ಚಿತ್ರಗಳು ಬಂದವು. ನಿರ್ಮಾಪಕ ಜಾಕ್ ಹೇಸ್, ನಿರ್ದೇಶಕ ಚಾರ್ಲ್ಸ್ ಲಾಮಂಟ್. ಎಜುಕೇಷನಲ್ ಪಿಕ್ಚರ್ಸ್ ಎಂಬ ಕಂಪನಿಗಾಗಿ ಮಾಡಿದ್ದು. ಶಾಲೆಗಳಿಗೆ ಪಾಠದ ಚಿತ್ರ ಮಾಡಲೆಂದು ಹುಟ್ಟಿದ ಕಂಪನಿ ಅದು, ಅಷ್ಟು ಹೊತ್ತಿಗೆ ಪೂರ್ತಿ ಕಾಮಿಡಿಗೆ ಇಳಿದಿತ್ತು!

ಆಗ ಥಿಯೇಟರ್‌ಗಳಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಇಂಥ ಕಿರುಚಿತ್ರ ಹಾಕುತ್ತಿದ್ದರು. ನಿರ್ಮಾಪಕ ಹಾಲ್ ರೋಚ್ ಅವರ 'ಅವರ್ ಗ್ಯಾಂಗ್' ಮಕ್ಕಳ ಸರಣಿ ಜೋರಾಗಿ ಓಡುತ್ತಿತ್ತು. ಅದಕ್ಕೆ ಪೈಪೋಟಿ ಕೊಡಲು ಹೊರಟವರು ಹಿಡಿದ ದಾರಿಯೇ ಬೇರೆ. ದೊಡ್ಡವರ ಹಿಟ್ ಸಿನಿಮಾಗಳನ್ನು ಪುಟ್ಟ ಮಕ್ಕಳ ಕೈಲಿ ಅಣಕ ಮಾಡಿಸುವುದು. 'ವಾರ್ ಬೇಬೀಸ್' ಒಂದು ಯುದ್ಧದ ಚಿತ್ರದ ಅಣಕ. 'ಕಿಡ್ ಇನ್ ಹಾಲಿವುಡ್'ನಲ್ಲಿ ಶರ್ಲಿ ಮಾಡುವುದು ಆಗಿನ ಹಾಲಿವುಡ್ ತಾರೆ ಮರ್ಲೀನ್ ಡೀಟ್ರಿಚ್‌ಳ ನಕಲು. 'ಪಾಲಿ ಟಿಕ್ಸ್ ಇನ್ ವಾಷಿಂಗ್ಟನ್'ನಲ್ಲಂತೂ ಸೆನೆಟರ್ ಒಬ್ಬನನ್ನು ಮರುಳು ಮಾಡಿ ದಾರಿ ತಪ್ಪಿಸುವ ಹೆಂಗಸಿನ ಪಾತ್ರ. ಜೋಕು ಯಾರಿಗೆ ಅರ್ಥವಾಗಬೇಕು ಹೇಳಿ? ಟಿಕೆಟ್ ಕೊಂಡ ದೊಡ್ಡವರಿಗೆ. ಅಭಿನಯಿಸುವ ಮಗುವಿಗೆ ತಾನೇನು ಮಾಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ಹಾಲಿವುಡ್‌ನ ನೀತಿಸಂಹಿತೆ (ತೆರೆಯ ಮೇಲೆ ಏನು ತೋರಿಸಬಾರದು ಎಂಬ ನಿಯಮಗಳು) 1930ರಲ್ಲೇ ಬಂದಿತ್ತು ನಿಜ, ಆದರೆ 1934ರವರೆಗೆ ಅದನ್ನು ಯಾರೂ ಬಿಗಿಯಾಗಿ ಜಾರಿ ಮಾಡಲಿಲ್ಲ.

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಬ್ಯಾಂಕ್ ನೌಕರ. ಮೂರು ವರ್ಷಕ್ಕೇ ಅಮ್ಮ ಗರ್ಟ್ರೂಡ್ ಅವಳನ್ನು ಲಾಸ್ ಏಂಜಲೀಸ್‌ನ ಮೆಗ್ಲಿನ್ ಡಾನ್ಸ್ ಶಾಲೆಗೆ ಸೇರಿಸಿದರು. ಮಕ್ಕಳನ್ನು ಆರಿಸಲು ಲಾಮಂಟ್ ಅಲ್ಲಿಗೆ ಬಂದಾಗ ಅವಳು ಪಿಯಾನೋ ಹಿಂದೆ ಅವಿತುಕೊಂಡಿದ್ದಳಂತೆ. ಅವರ ಕಣ್ಣಿಗೆ ಬಿದ್ದದ್ದೂ ಅವಳೇ.

ಸೆಟ್ಟಿನ ಕಥೆ ಇನ್ನೂ ಕಹಿ. ಹಟ ಮಾಡಿದ ಮಕ್ಕಳನ್ನು ಹೊರಗೆ ಸದ್ದು ಕೇಳದ ಕಪ್ಪು ಪೆಟ್ಟಿಗೆಯಂಥ ಕೋಣೆಗೆ ಹಾಕುತ್ತಿದ್ದರು. ಒಳಗೆ ಕೂರಲು ಮಂಜುಗಡ್ಡೆ. ದೊಡ್ಡವಳಾದ ಮೇಲೆ, 1988ರ ಆತ್ಮಕಥೆಯಲ್ಲಿ, ಶರ್ಲಿಯೇ ಇದನ್ನು ಬರೆದಿದ್ದಾರೆ. ಈ ಚಿತ್ರಗಳು ಮಕ್ಕಳ ಮುಗ್ಧತೆಯ ದುರುಪಯೋಗ ಎಂದು ನೇರವಾಗಿ ಹೇಳಿದ್ದಾರೆ. ಕೆಲವುದರಲ್ಲಿ ಜನಾಂಗದ ಕೀಳು ಹಾಸ್ಯವೂ ಇದೆ. 'ಕಿಡ್ ಇನ್ ಆಫ್ರಿಕಾ'ದಲ್ಲಿ ಕಪ್ಪು ಮಕ್ಕಳನ್ನು ನರಭಕ್ಷಕರಾಗಿ ತೋರಿಸಿದ್ದಾರೆ. ಕಾಲವೇ ಹಾಗಿತ್ತು ಅಂತ ಸುಮ್ನೆ ತಳ್ಳಿಹಾಕಲು ನನಗಂತೂ ಮನಸ್ಸಾಗುವುದಿಲ್ಲ.

ಹಾಗಂತ ಇವಕ್ಕೆ ಬೆಲೆಯೇ ಇಲ್ಲ ಎನ್ನಲಾರೆ. 'ಗ್ಲ್ಯಾಡ್ ರ್ಯಾಗ್ಸ್ ಟು ರಿಚಸ್' (1933) ನೀವೊಬ್ಬರೇ ನೋಡಿ. ತೆರೆಯ ಮೇಲೆ ಅವಳು ಮೊದಲು ಹಾಡಿದ್ದು ಅದರಲ್ಲೇ. ಜೊತೆಯ ಮಕ್ಕಳು ಕ್ಯಾಮೆರಾ ಆಚೆ ನಿಂತವರ ಮುಖ ನೋಡುತ್ತಾ ಮಾತು ಒಪ್ಪಿಸುತ್ತಾರೆ. ಶರ್ಲಿ ಎದುರಿನವರ ಮಾತಿಗೆ ಕಾಯುತ್ತಾಳೆ, ಆಮೇಲೆ ತನ್ನದು ಹೇಳುತ್ತಾಳೆ. ಐದು ತುಂಬದ ಮಗುವಿಗೆ ಆ ಲಯ ಬಂದದ್ದು ಆಶ್ಚರ್ಯ ಅಲ್ವಾ?

ಪ್ರಶ್ನೆ: ಇವುಗಳಿಂದ ಅವಳಿಗೆ ಎಷ್ಟು ದುಡ್ಡು ಸಿಕ್ಕಿತು? ಸ್ಟಾರ್ ಆದದ್ದು ಹೇಗೆ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಶೂಟಿಂಗ್ ದಿನಕ್ಕೆ 10 ಡಾಲರ್. ರಿಹರ್ಸಲ್‌ಗೆ ಬಿಡಿಗಾಸೂ ಇಲ್ಲ. ಸಾಲದ್ದಕ್ಕೆ, ಚಿತ್ರದ ಖರ್ಚು ಹುಟ್ಟಿಸಲು ಮಕ್ಕಳನ್ನು ಜಾಹೀರಾತುಗಳಲ್ಲೂ ನಿಲ್ಲಿಸುತ್ತಿದ್ದರು. ಆಮೇಲೆ 'ಫ್ರಾಲಿಕ್ಸ್ ಆಫ್ ಯೂತ್' ಎಂಬ ಇನ್ನೊಂದು ಕಿರುಚಿತ್ರ ಸರಣಿಯಲ್ಲಿ ತಂಗಿಯ ಪಾತ್ರ ಸಿಕ್ಕಿತು. ಅಲ್ಲಿ ಡೈಪರ್ ಇಲ್ಲ, ಮಗು ಮಗುವಾಗಿಯೇ ಇದೆ.

1933ರಲ್ಲಿ ಹೇಸ್ ದಿವಾಳಿಯಾದರು. ಅಪ್ಪ ಜಾರ್ಜ್ ಮಗಳ ಕರಾರನ್ನು ಬರೀ 25 ಡಾಲರ್‌ಗೆ ಬಿಡಿಸಿಕೊಂಡರು. ಸಿನಿಮಾ ಇತಿಹಾಸದಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಹುಡುಕಬೇಕು! 1934ರಲ್ಲಿ ಫಾಕ್ಸ್ ಕಂಪನಿಯ 'ಸ್ಟ್ಯಾಂಡ್ ಅಪ್ ಅಂಡ್ ಚಿಯರ್' ಬಂತು, ಅದರಲ್ಲಿನ ಒಂದು ಹಾಡು-ಕುಣಿತಕ್ಕೇ ಜನ ಹುಚ್ಚೆದ್ದರು. ಫಾಕ್ಸ್‌ನವರು ಅವಳ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಮಾಡಿ ಪ್ರಚಾರ ಮಾಡಿದರು. 1935ರಲ್ಲಿ ಮಕ್ಕಳಿಗೆಂದೇ ಕೊಟ್ಟ ವಿಶೇಷ ಆಸ್ಕರ್ ಸಿಕ್ಕಿತು. 1935ರಿಂದ 1938ರವರೆಗೆ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಅವಳದೇ.

ದುಡ್ಡಿನ ಕಥೆ ಮಾತ್ರ ಬೇರೆ. ಮದುವೆಯಾಗಿ ದೊಡ್ಡವಳಾದ ಮೇಲೆ ಲೆಕ್ಕ ನೋಡಿದರೆ, ದುಡಿದ ಸುಮಾರು 32 ಲಕ್ಷ ಡಾಲರ್‌ನಲ್ಲಿ ಉಳಿದದ್ದು 44,000 ಮಾತ್ರ. ಬಾಲನಟರ ಗಳಿಕೆ ಕಾಪಾಡಲು ಕ್ಯಾಲಿಫೋರ್ನಿಯಾ 1939ರಲ್ಲೇ ಕೂಗನ್ ಕಾನೂನು ತಂದಿತ್ತು, ಆದರೂ ಅವಳ ದುಡ್ಡು ಉಳಿಯಲಿಲ್ಲ. ಆ ಕಾನೂನು ಬಂದದ್ದು ಇನ್ನೊಬ್ಬ ಬಾಲನಟ ಜಾಕಿ ಕೂಗನ್ ತನ್ನ ತಾಯಿ ಮತ್ತು ಮಲತಂದೆಯ ಮೇಲೆ ಹೂಡಿದ ಮೊಕದ್ದಮೆಯಿಂದ.

ದಾವಣಗೆರೆಯವರಿಗೆ ಒಂದು ಮಾತು ಬಾಕಿ ಇತ್ತು. ಮಗಳಿಗೆ ಶರ್ಲಿಯ ಪರಿಚಯ ಆಗಲೇಬೇಕು ಅಂದರೆ 1934ರ 'ಬ್ರೈಟ್ ಐಸ್' ಹಾಕಿ. ವಿಮಾನದಲ್ಲಿ ಲಾಲಿಪಾಪ್ ಹಾಡು ಹಾಡುವುದು ಅದರಲ್ಲೇ. ನಡುವೆ ಅವಳ ಅಮ್ಮ ಕಾರಿಗೆ ಸಿಕ್ಕಿ ತೀರಿಕೊಳ್ಳುತ್ತಾಳೆ. ಆ ಹೊತ್ತಿಗೆ ಪಕ್ಕದಲ್ಲೇ ಕೂತಿರಿ.