ಕೊಡಗಿನ ರಸ್ತೆಗೂ ಕೊಯಮತ್ತೂರಿನ ಟ್ರ್ಯಾಕಿಗೂ ಒಂದೇ ಟರ್ಬೊ ಕಾರು: ಅಪ್‌ಗ್ರೇಡ್ ಎಲ್ಲಿಂದ ಶುರು ಮಾಡಲಿ?

ವಿರಾಜಪೇಟೆ ಹತ್ತಿರ ತೋಟ, ಹ್ಯುಂಡೈ ಐ20 ಎನ್ ಲೈನ್ 1.0 ಟರ್ಬೊ ಮ್ಯಾನುವಲ್, ದಿನಾ ಓಡಾಡಲು ಇದೇ ಕಾರು, ವರ್ಷಕ್ಕೆ ಮೂರ್ನಾಲ್ಕು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೋಗುವ ಆಸೆ ಎಂದಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಸ್ಟೇಜ್ 2 ರೀಮ್ಯಾಪ್ (ಬಿಡಿಭಾಗಗಳ ಜೊತೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ಬದಲಿಸಿ ಪವರ್ ಏರಿಸುವುದು), ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪು), ಕೋನ್ ಫಿಲ್ಟರ್ (ತೆರೆದ ಏರ್ ಫಿಲ್ಟರ್), ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಸ್ಪ್ರಿಂಗ್) ಎಲ್ಲ ಇವೆ; ಬ್ರೇಕಿನ ಹೆಸರೇ ಇಲ್ಲ. ನಾನಾದರೆ ಬ್ರೇಕು, ಟೈರು, ಕೂಲಿಂಗ್ ಮುಗಿಸಿ ಪವರ್‌ಗೆ ಕೊನೆಯಲ್ಲಿ ಕೈ ಹಾಕುತ್ತೇನೆ. ಕರಿ ಟ್ರ್ಯಾಕು ಎರಡು ಕಿಲೋಮೀಟರಿಗಿಂತ ತುಸು ಉದ್ದ, ಅಷ್ಟೆ. ತಿರುವುಗಳು ಹತ್ತಿರ ಹತ್ತಿರ ಇರುವುದರಿಂದ ಬ್ರೇಕಿಗೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ. ಕಂಪನಿ ಕೊಟ್ಟ 120 ಪಿಎಸ್ ಶಕ್ತಿಯಲ್ಲೇ ನಾಲ್ಕೈದು ಲ್ಯಾಪಿಗೆ ಪೆಡಲ್ ಮೆತ್ತಗಾಗುತ್ತದೆ.

ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯಿತೆಂದರೆ ಬ್ರೇಕ್ ಆಯಿಲ್ ಕುದ್ದು ಆವಿಯ ಗುಳ್ಳೆ ಎದ್ದಿದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ. ಎರಡಕ್ಕೂ ಮದ್ದು ಬೇರೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ, ನೀರು ಹೀರಿಕೊಂಡ ಮೇಲೆ 155 ಡಿಗ್ರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ, ಇನ್ನು ಬ್ರೇಕ್ ಆಯಿಲ್ ಒಣಗಿರುತ್ತದೆಯೇ? ಹಾಗಾಗಿ ಎರಡು ವರ್ಷದ ಲೆಕ್ಕ ಬಿಟ್ಟು, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸಿ. 300 ಡಿಗ್ರಿ ದಾಟುವ ರೇಸಿಂಗ್ ದರ್ಜೆಯ ಡಾಟ್ 4 ಒಂದು ಲೀಟರ್ ತಂದರೆ ನಾಲ್ಕೂ ಚಕ್ರ ಬ್ಲೀಡ್ ಮಾಡಿ (ಹಳೆಯ ಆಯಿಲ್, ಗಾಳಿ ಹೊರಹಾಕಿ) ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಇಡಬೇಡಿ, ತೆರೆದ ಡಬ್ಬವೂ ತೇವ ಎಳೆಯುತ್ತದೆ. ಡಾಟ್ 5 ಸಿಲಿಕೋನ್ ಆಯಿಲ್ ಬೇಡವೇ ಬೇಡ. ಡಾಟ್ 5.1 ಬೇರೆ ವಸ್ತು, ಅದು ನಡೆಯುತ್ತದೆ.

ರಸ್ತೆಯ ಪ್ಯಾಡ್ ಸಾಮಾನ್ಯವಾಗಿ 350–400 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತದೆ. ಪಕ್ಕಾ ಟ್ರ್ಯಾಕ್ ಪ್ಯಾಡ್ ಆ ಬಿಸಿಯಲ್ಲೇ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೆಳಗಿನ ಮಂಜಿನಲ್ಲಿ ಗೇಟಿನಿಂದ ಹೊರಬಂದ ಮೊದಲ ತಿರುವಿನಲ್ಲಿ ಕೈಕೊಡುತ್ತದೆ. ಎರಡೂ ಕೆಲಸಕ್ಕೆ ಒಂದೇ ಪ್ಯಾಡ್ ಹುಡುಕುವುದಕ್ಕಿಂತ ಮುಂದಿನ ಚಕ್ರಕ್ಕೆ ಎರಡು ಸೆಟ್ ಇಟ್ಟುಕೊಳ್ಳಿ. ಒಂದೇ ಪಿಸ್ಟನ್ನಿನ ಕ್ಯಾಲಿಪರ್, ಒಂದು ಬೋಲ್ಟ್ ಬಿಚ್ಚಿ ಮೇಲೆತ್ತಿದರೆ ಪ್ಯಾಡ್ ಕೈಗೆ ಬರುತ್ತದೆ. ಆದರೆ ಟ್ರ್ಯಾಕ್ ಪ್ಯಾಡನ್ನು ಕೊಯಮತ್ತೂರಿನಲ್ಲೇ ಹಾಕಿ. ಮೈಸೂರು, ಚಾಮರಾಜನಗರದ ಮೇಲೆ ಹೋದರೆ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿಯುವುದಿದೆ. ಅಲ್ಲಿ ರಸ್ತೆ ಪ್ಯಾಡೂ ಎರಡನೇ ಗೇರೂ ಸಾಕು. ಹೊಸ ಪ್ಯಾಡನ್ನು 100ರಿಂದ 30ಕ್ಕೆ ಎಂಟು-ಹತ್ತು ಸಲ ಜೋರಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಇದನ್ನು ಮಾಡದೆ ಟ್ರ್ಯಾಕಿಗಿಳಿದರೆ ಡಿಸ್ಕಿಗೆ ಪ್ಯಾಡಿನ ಪದರ ಅಲ್ಲಲ್ಲಿ ದಪ್ಪಗೆ ಅಂಟಿ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಅನ್ನುವವರಲ್ಲಿ ಹೆಚ್ಚಿನವರ ಕಥೆ ಇಷ್ಟೆ. ಬಿಗ್ ಬ್ರೇಕ್ ಕಿಟ್ ಈ ತೂಕದ ಕಾರಿಗೆ ದಂಡ.

ಟೈರು 195/55 ಆರ್16 ಅಳತೆಯಲ್ಲೇ ಒಳ್ಳೆಯ ರಸ್ತೆ ಟೈರು ಹಾಕಿ. 205/55 ಹಾಕುವವರಿದ್ದಾರೆ, ವ್ಯಾಸ ಶೇ. 1.8 ಹೆಚ್ಚುತ್ತದೆ, ಗೇರಿಂಗ್ ತುಸು ಮಂಕಾಗುತ್ತದೆ. ಸೆಮಿ ಸ್ಲಿಕ್ (ಗೆರೆ ಕಡಿಮೆ ಇರುವ ಟ್ರ್ಯಾಕ್ ಟೈರು) ಹಾಕಿಕೊಂಡು ಜಡಿಮಳೆಯ ಕಕ್ಕಡ ತಿಂಗಳಲ್ಲಿ ಮಾಕುಟ್ಟ ಘಾಟಿ ಇಳಿಯುವ ಸಾಹಸ ಬೇಡ. ಟ್ರ್ಯಾಕಿನಲ್ಲಿ ತಣ್ಣಗಿದ್ದಾಗ 29 ಪಿಎಸ್‌ಐ ಇಟ್ಟು ಶುರು ಮಾಡಿ, ಒಳಬಂದ ಕೂಡಲೇ ಅಳೆಯಿರಿ, ಬಿಸಿಯಲ್ಲಿ 35ರ ಆಸುಪಾಸು ಬರುವಂತೆ ಗಾಳಿ ಬಿಡಿ. ಮೊದಲ ಸೆಷನ್ ಆದ ಮೇಲೆ ವ್ಹೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 110 ಎನ್‌ಎಂಗೆ ಮತ್ತೊಮ್ಮೆ ನೋಡಿ.

ಲೋವರಿಂಗ್ ಸ್ಪ್ರಿಂಗ್ ಮರೆತುಬಿಡಿ. ತೋಟದ ರಸ್ತೆಯಲ್ಲಿ ಜೀಪು, ಟ್ರ್ಯಾಕ್ಟರ್ ಕೊರೆದ ಎರಡು ಚಡಿಗಳ ನಡುವಿನ ದಿಬ್ಬಕ್ಕೆ ಮೊದಲು ತಾಗುವುದು ಇಂಜಿನಿನ ಆಯಿಲ್ ಸಂಪ್. ಬದಲಿಗೆ ಮುಂದೆ ಕ್ಯಾಂಬರ್ ಬೋಲ್ಟ್ ಹಾಕಿ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಎರಡೂ ಕಡೆ ಸಮನಾಗಿ ಮೈನಸ್ 1.5 ಡಿಗ್ರಿ, ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ ಇಡಿಸಿ. ಟೈರಿನ ಹೊರ ಅಂಚು ತಿನ್ನುವುದು ಕಡಿಮೆಯಾಗುತ್ತದೆ, ತಿರುವಿಗೆ ಮೂತಿಯೂ ಬೇಗ ಒಳಬರುತ್ತದೆ.

ಇನ್ನು ಟರ್ಬೊ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಅಲ್ಲಿನ ಗಾಳಿಯ ಒತ್ತಡ ಸುಮಾರು 88 ಕಿಲೋಪಾಸ್ಕಲ್. ಕೊಯಮತ್ತೂರಿನಲ್ಲಿ 96–97. ಮ್ಯಾನಿಫೋಲ್ಡಿನಲ್ಲಿ (ಇಂಜಿನಿಗೆ ಗಾಳಿ ಹೋಗುವ ಕೊಳವೆಯಲ್ಲಿ) ಒಟ್ಟು 200 ಕಿಲೋಪಾಸ್ಕಲ್ ಬೇಕೆಂದರೆ ಟರ್ಬೊ ಕೊಯಮತ್ತೂರಿನಲ್ಲಿ ಗಾಳಿಯನ್ನು 2.07 ಪಟ್ಟು ಒತ್ತಿದರೆ ಸಾಕು, ಮಡಿಕೇರಿಯಲ್ಲಿ 2.27 ಪಟ್ಟು. ಅದೇ ಒಟ್ಟು ಒತ್ತಡಕ್ಕೆ ಇಲ್ಲಿ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಬರುವ ಗಾಳಿಯೂ ಹೆಚ್ಚು ಬಿಸಿ. ಚಿಕ್ಕ ಟರ್ಬೊಗೆ ಸ್ಟೇಜ್ 2 ಮ್ಯಾಪ್ ಹೊರಿಸಿದರೆ ಘಾಟಿಯಲ್ಲೇ ಅದರ ದಮ್ಮು ಕಟ್ಟುತ್ತದೆ. ಜೊತೆಗೆ ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಡೌನ್‌ಪೈಪ್ ಕಾನೂನಿಗೂ ವಿರುದ್ಧ, ಹೊಗೆ ತಪಾಸಣೆಯಲ್ಲೂ ತಲೆನೋವು. ಬಿಡಿಭಾಗ ಬದಲಿಸದ ಸ್ಟೇಜ್ 1 ಮ್ಯಾಪಿಗೆ ನಿಲ್ಲಿಸಿ, ಅದನ್ನೂ ಊರಿನ ಬಂಕಿನಲ್ಲಿ ಯಾವಾಗಲೂ ಸಿಗುವ ಪೆಟ್ರೋಲಿಗೇ ಮಾಡಿಸಿ. 100 ಆಕ್ಟೇನ್ ಮ್ಯಾಪ್ ಹಾಕಿಸಿಕೊಂಡು ಗೋಣಿಕೊಪ್ಪದಲ್ಲಿ ಸಾದಾ ಪೆಟ್ರೋಲ್ ತುಂಬಿಸಿದರೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಇಂಜಿನ್ ಬಡಿಯುವುದು) ಖಂಡಿತ.

ಟ್ಯೂನರ್ ಹತ್ತಿರ ಒಂದು ವಿಷಯ ಬಿಡಿಸಿ ಹೇಳಿ: 2,000 ಆರ್‌ಪಿಎಂಗಿಂತ ಕೆಳಗೆ ಟಾರ್ಕ್ ಏರಿಸುವುದು ಬೇಡ. ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನಿನಲ್ಲಿ ಕಡಿಮೆ ಆರ್‌ಪಿಎಂ, ತುಂಬು ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಸೇರಿದಾಗ ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದುಂಟು. ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಒಡೆಯಬಹುದು. ನಾಲ್ಕನೇ ಗೇರಿನಲ್ಲೇ ಏರು ಹತ್ತಿಸುವ ನಮ್ಮ ಅಭ್ಯಾಸ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗೇರ್ ಇಳಿಸಿ ಹತ್ತಿ, ಎಪಿಐ ಎಸ್‌ಪಿ ದರ್ಜೆಯ ಇಂಜಿನ್ ಆಯಿಲನ್ನೇ ಹಾಕಿ, ಟ್ರ್ಯಾಕಿಗೆ ಹೋಗುವ ಕಾರಿಗೆ 5,000 ಕಿ.ಮೀ.ಗೆ ಬದಲಿಸಿ. ಒಂದು ಹಂತ ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಸ್ಪಾರ್ಕ್ ಪ್ಲಗ್ ಹಾಕಿ, ಗ್ಯಾಪ್ 0.6–0.65 ಮಿ.ಮೀ. ಬೂಸ್ಟ್ ಹೆಚ್ಚಿದಾಗ ದೊಡ್ಡ ಗ್ಯಾಪಿನಲ್ಲಿ ಕಿಡಿ ಆರಿ ಮಿಸ್‌ಫೈರ್ ಆಗುತ್ತದೆ.

ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೂ ಮಳೆಗಾಲದಲ್ಲಿ ನೀರನ್ನೂ ಎಳೆಯುತ್ತದೆ. ಕಂಪನಿಯ ಏರ್‌ಬಾಕ್ಸೇ ಇರಲಿ. ಆ ದುಡ್ಡಿಗೆ ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ) ಉತ್ತಮ. ಅದಕ್ಕೂ ಮೊದಲು ಈಗಿರುವುದರ ರೆಕ್ಕೆಗಳಲ್ಲಿ ಸಿಕ್ಕ ಕೆಸರು, ಎಲೆಚೂರು, ಹುಳು ತೊಳೆಯಿರಿ. ಸಾದಾ ಪೈಪಿನ ನೀರು ಸಾಕು, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆ ಮಡಚುತ್ತವೆ.

ಮ್ಯಾಪ್ ಆದ ಮೇಲೆ ಓಬಿಡಿ ಲಾಗ್ (ಕಾರಿನ ಡಯಾಗ್ನಾಸ್ಟಿಕ್ ಸಾಕೆಟ್ಟಿನಿಂದ ಇಂಜಿನಿನ ದಾಖಲೆ) ತೆಗೆಯಿರಿ: ಮೂರನೇ ಗೇರ್, 2,000ದಿಂದ 5,500ರವರೆಗೆ, ಒಮ್ಮೆ ಇಲ್ಲಿ, ಒಮ್ಮೆ ಕೊಯಮತ್ತೂರಿನ ಟ್ರ್ಯಾಕಿನಲ್ಲಿ. ಒಂದೇ ಸಿಲಿಂಡರಿನಲ್ಲಿ ಪದೇಪದೇ 3–4 ಡಿಗ್ರಿ ಸ್ಪಾರ್ಕಿನ ಟೈಮಿಂಗ್ ಹಿಂದಕ್ಕೆ ಹೋಗುತ್ತಿದ್ದರೆ ಮ್ಯಾಪ್ ವಾಪಸ್ ಕೊಡಿ. ಐದನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟ್ರ್ಯಾಕಿನಲ್ಲಿ ಒಂದು ಲ್ಯಾಪ್ ನಿಧಾನ, ನಾಲ್ಕೈದು ಜೋರು, ಒಂದು ತಣಿಸಲು. ಇಂಜಿನ್ ಆಯಿಲ್ ತಾಪಮಾನ 130 ಡಿಗ್ರಿ ದಾಟಿದರೆ ಒಳಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ.

ದುಡ್ಡು ಹಾಕುವ ಮುನ್ನ ಇನ್ನೆರಡು ವಿಷಯ. ವಾಹನದ ಮೂಲ ವಿವರ ಬದಲಾಗುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಸಾಮಾನ್ಯ ವಿಮೆ ರೇಸಿಂಗ್, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ, ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಖರ್ಚು ಪೂರ್ತಿ ನಿಮ್ಮದೇ. ಸಂಜೆ ಹೊರಡುವಾಗ ರಸ್ತೆ ಪ್ಯಾಡ್ ಹಾಕಿ, ಟೈರಿಗೆ ಮತ್ತೆ 33 ಪಿಎಸ್‌ಐ ತುಂಬಿಸಿ. ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಕೊಯಮತ್ತೂರಿನಲ್ಲೇ ಉಳಿದು ಬೆಳಿಗ್ಗೆ ಹೊರಟರೂ ನಷ್ಟವಿಲ್ಲ, ತಿತಿಮತಿ ಕಾಡಿನಲ್ಲಿ ಕತ್ತಲಾದ ಮೇಲೆ ಆನೆ ರಸ್ತೆಗೆ ಬರುವುದು ನಿಮಗೇ ಗೊತ್ತು.